ಜನವರಿಯಲ್ಲಿ ಕಾಣದ ಉಪ್ಪು

ಹವಾಯಿಯಲ್ಲಿ ನಾನು ಮಾಡೋ ಕೆಲಸ ಕಲ್ಚರಲ್ ಇಂಪ್ಯಾಕ್ಟ್ ಅಸೆಸ್‌ಮೆಂಟ್ ಬರಿಯೋದು. ರೆಸಾರ್ಟೋ ಲೇಔಟೋ ಬರುತ್ತೆ ಅಂದಾಗ ಅಲ್ಲಿನ ಮೂಲನಿವಾಸಿಗಳ ಆಚರಣೆಗೆ, ಅವರು ನಂಬಿಕೊಂಡಿರೋ ಕಡಲು ಕಾಡು ನೀರಿಗೆ ಏನಾಗುತ್ತೆ ಅಂತ ಹೋಗಿ ನೋಡಿ, ಕೇಳಿ ಬರೀಬೇಕು. 2000ದಲ್ಲಿ ಆಕ್ಟ್ 50 ಅನ್ನೋ ಹವಾಯಿ ರಾಜ್ಯದ ಕಾನೂನು ಬಂದ್ಮೇಲೆ ಇದು ಪರಿಸರ ವರದಿಯ ಭಾಗ ಆಗ್ಲೇಬೇಕು.

ಅದೇ ವರ್ಷ ಅಲ್ಲಿನ ಸುಪ್ರೀಂ ಕೋರ್ಟಿಂದ ಒಂದು ದೊಡ್ಡ ತೀರ್ಪೂ ಬಂತು. ಬಿಗ್ ಐಲ್ಯಾಂಡಿನ ಕೋನಾ ಕಡೆ ಕಊಪೂಲೆಹು ಅನ್ನೋ ಜಾಗದಲ್ಲಿ ಸುಮಾರು 1000 ಎಕರೆ ವಿಷಯ. ಸರ್ಕಾರದ ಭೂ ಬಳಕೆ ಕಮಿಷನ್ನು ಅನುಮತಿ ಕೊಟ್ಟು, ಹವಾಯಿಯನ್ನರ ಹಕ್ಕು ಕಾಪಾಡೋ ಜವಾಬ್ದಾರೀನ ಡೆವಲಪರ್ ಕೈಗೇ ಬಿಟ್ಟಿತ್ತು. ಕೋರ್ಟು ಆಗಲ್ಲ ಅಂತು. ಅಲ್ಲಿ ಏನೇನಿದೆ, ಯಾರು ಬಳಸ್ತಿದ್ದಾರೆ, ಪ್ರಾಜೆಕ್ಟಿಂದ ಅದಕ್ಕೆ ಎಷ್ಟು ಪೆಟ್ಟು, ಉಳಿಸೋಕೆ ಏನು ಮಾಡಬಹುದು, ಇದನ್ನೆಲ್ಲ ಕಮಿಷನ್ನೇ ನೋಡಿ ಹೇಳಬೇಕು ಅಂತ. ಕೇಸ್ ಹಾಕಿದ ಒಕ್ಕೂಟದ ಹೆಸರು ಕ ಪಅಕೈ ಓ ಕ ಆಇನ, ಅಂದ್ರೆ ನೆಲದ ಉಪ್ಪು.

ಆ ತೀರ್ಪು ಓದಿದ್ದ ನಾನೇ ನನ್ನ ಮೊದಲ ಕೋನಾ ಕೆಲಸದಲ್ಲಿ ಉಪ್ಪನ್ನೇ ಬಿಟ್ಟುಬಿಟ್ಟೆ. ಫೀಲ್ಡಿಗೆ ಹೋಗಿದ್ದು ಜನವರಿಯಲ್ಲಿ. ಚಳಿಗಾಲದ ದೊಡ್ಡ ಅಲೆಗಳು ಕಪ್ಪು ಲಾವಾ ಬಂಡೆ ಮೇಲೆ ಹತ್ತಿ ಬರ್ತಿದ್ವು, ಗುಂಡಿಗಳಲ್ಲಿ ಬರೀ ಸಮುದ್ರದ ನೀರು. ಹಳೇ ಗೋಡೆ, ಕಾಲುದಾರಿ ಎಲ್ಲ ಮ್ಯಾಪಲ್ಲಿ ಗುರುತು ಮಾಡ್ಕೊಂಡು, ದಡದ ಹತ್ರ ಈಗ ಯಾವ ಬಳಕೆಯೂ ಕಾಣಲ್ಲ ಅಂತ ಡ್ರಾಫ್ಟಲ್ಲಿ ಬರೆದೆ. ಅಲ್ಲಿನ ಒಬ್ಬ ಹಿರಿಯ ಆಂಟಿಗೆ, ಹವಾಯಿಯಲ್ಲೂ ದೊಡ್ಡವರನ್ನ ಆಂಟಿ ಅಂಕಲ್ ಅಂತಾನೇ ಕರೆಯೋದು, ಅದನ್ನ ಓದೋಕೆ ಕೊಟ್ಟೆ. ಅವರು ಬೈಲಿಲ್ಲ, ಆಗಸ್ಟಲ್ಲಿ ಬಾ ಅಂದ್ರು ಅಷ್ಟೇ.

ಆಗಸ್ಟಲ್ಲಿ ಹೋದ್ರೆ ಅದೇ ಗುಂಡಿಗಳಲ್ಲಿ ನೀರು ಆರಿ ಬೆಳ್ಳಗೆ ಉಪ್ಪು ಕಟ್ಟಿತ್ತು. ಅವರ ಮೊಮ್ಮಕ್ಕಳು ಕೂತ್ಕೊಂಡು ಕೈಯಲ್ಲೇ ಕೆರೆದು ತುಂಬಿಸ್ತಿದ್ರು, ಮನೆಗೆ ಬೇಕಾದಷ್ಟೇ. ಗುಂಡಿಗಳು ಪ್ರಾಜೆಕ್ಟ್ ಗಡಿಯಿಂದ ಹೊರಗೇ ಇದ್ವು, ಅದಕ್ಕೇ ನಂಗೆ ಅಷ್ಟು ಹಗುರ ಅನಿಸಿತ್ತು. ಆದ್ರೆ ಅವರು ಅಲ್ಲಿಗೆ ಬರೋ ದಾರಿ ಪ್ರಾಜೆಕ್ಟ್ ಒಳಗಿಂದ, ಗೇಟ್ ಹಾಕಿದ್ರೆ ಉಪ್ಪೂ ಹೋಯ್ತು. ಇನ್ನೊಂದು ವಿಷಯ ನೀರು. ಲಾವಾ ನೆಲದಲ್ಲಿ ಮೇಲೆ ಸುರಿದಿದ್ದು ಒಳಗೊಳಗೇ ಇಳಿದು ದಡದಲ್ಲಿ ಬರುತ್ತೆ, ಹಂಗಾಗಿ ಮೇಲಿನ ಹುಲ್ಲುಹಾಸಿಗೆ ಹಾಕೋ ಗೊಬ್ಬರ ಕೆಳಗೆ ಕೆಂಪು ಸಣ್ಣ ಸೀಗಡಿ ಇರೋ ಕೊಳಗಳಿಗೆ ಬಂದು ಸೇರಬಹುದು. ಅಲ್ಲಿವರೆಗೂ ನಾನು ಪ್ರಕೃತಿ ಬೇರೆ ಚಾಪ್ಟರ್, ಸಂಸ್ಕೃತಿ ಬೇರೆ ಚಾಪ್ಟರ್ ಅಂತ ಬರೀತಿದ್ದೆ, ಆಮೇಲೆ ಹಾಗೆ ಬರೆಯೋಕೆ ಮನಸ್ಸೇ ಬರಲಿಲ್ಲ.

ಈಗ ನಾನು ಪ್ರಾಜೆಕ್ಟ್ ಗಡಿಯಿಂದ ಶುರು ಮಾಡಲ್ಲ, ಪೂರ್ತಿ ಅಹುಪುಆದಿಂದ, ಅಂದ್ರೆ ಬೆಟ್ಟದಿಂದ ಕಡಲವರೆಗೆ ಇಳಿಯೋ ಹಳೇ ಭೂವಿಭಾಗದಿಂದ ಶುರು ಮಾಡ್ತೀನಿ. 1848ರ ಮಾಹೆಲೆ ಭೂ ಹಂಚಿಕೆ ಕಾಲದ ಸಾಕ್ಷಿ ಹೇಳಿಕೆಗಳು ನಮ್ಮ ಹಳೇ ಪಹಣಿ ಇದ್ದಂಗೆ, ಯಾರ ಹೊಲ, ಪಕ್ಕದಲ್ಲಿ ಯಾರು ಅಂತ ಸಿಗುತ್ತೆ. ಹವಾಯಿ ಭಾಷೆಯ ಹಳೇ ಪತ್ರಿಕೆಗಳಂತೂ ಬಂಗಾರ, 1834ರಿಂದ ನೂರು ವರ್ಷಕ್ಕೂ ಮೇಲೆ ನಡೆದಿವೆ, ಇಂಗ್ಲಿಷ್ ಮ್ಯಾಪಲ್ಲಿ ಇಲ್ಲದ ಜಾಗದ ಹೆಸರುಗಳು ಅದರಲ್ಲಿರ್ತವೆ. ಟೈಮ್ ಎಷ್ಟೇ ಟೈಟ್ ಇದ್ರೂ ಎರಡು ಸೀಸನ್ನಲ್ಲಿ ಹೋಗಿ ಬರ್ತೀನಿ, ಇದಕ್ಕೆ ಕ್ಲೈಂಟ್ ಹತ್ರ ಜಗಳ ಆಗಿದ್ದೂ ಇದೆ.

ಇಂಟರ್‌ವ್ಯೂ ಬರೆದಿದ್ದನ್ನ ಹೇಳಿದವರಿಗೆ ವಾಪಸ್ ತೋರಿಸದೆ ರಿಪೋರ್ಟಿಗೆ ಹಾಕಲ್ಲ. ಆಗಸ್ಟ್ ಆದ್ಮೇಲೆ ಹೊಸದಾಗಿ ಬರೆದಿದ್ದನ್ನ ಆಂಟಿಗೆ ಕಳಿಸಿದಾಗ ಉಪ್ಪಿನ ಭಾಗ, ದಾರಿ ತೆರೆದಿರಬೇಕು ಅನ್ನೋ ಭಾಗ ಎಲ್ಲ ಹಾಗೇ ಬಿಟ್ಟಿದ್ರು. ಒಂದೇ ಒಂದು ಸಾಲು ಹೊಡೆದು ಹಾಕಿದ್ರು, ಬಂಡೆಗೆ ಅಂಟೋ ಓಪಿಹಿ ಚಿಪ್ಪು ಎಲ್ಲಿ ಚೆನ್ನಾಗಿ ಸಿಗುತ್ತೆ ಅನ್ನೋದು. ರಿಪೋರ್ಟನ್ನ ಯಾರು ಬೇಕಾದ್ರೂ ಓದ್ತಾರೆ ಅಲ್ವಾ ಅಂದ್ರು. ತೆಗೆದೆ.