ಒಂದು ಕಪ್ಪು ರಟ್ಟು, ಮೂರು ಗೆರಟೆ: ಕಾಪು ಕಡಲಲ್ಲಿ ನನ್ನ 4 ನಿಮಿಷದ ಫೋಟೊ

ಕಾಪುವಿನ ದೀಪಸ್ತಂಭದ ಫೋಟೊ ಕೊನೆಗೂ ಸಿಕ್ಕಿತು. ಒಂದೇ ಫ್ರೇಮ್, ಹತ್ತಿರ ಹತ್ತಿರ 4 ನಿಮಿಷ ಶಟರ್ ತೆರೆದಿಟ್ಟು ತೆಗೆದದ್ದು. ಬಂಡೆಯ ಬುಡದಲ್ಲಿ ತೆರೆಗಳೆಲ್ಲ ಹೊಗೆಯಾಗಿವೆ, 1901ರ ಆ ಗೋಪುರದ ಅಂಚು ಮಾತ್ರ ಸ್ವಲ್ಪವೂ ಅಲುಗಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾನನ್ 1200ಡಿ ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, 900 ರೂಪಾಯಿ ಆಸುಪಾಸಿನ ಟ್ರೈಪಾಡ್. ಇಷ್ಟರಲ್ಲೇ ಆಗಿದ್ದು. "ಹದಿನೈದು ಸಾವಿರದ ಟ್ರೈಪಾಡ್, ಫಿಲ್ಟರ್ ಇಲ್ಲದೆ ಇದೆಲ್ಲ ಆಗ್ಲಿಕ್ಕಿಲ್ಲ ಮಾರಾಯಾ" ಎಂದಿದ್ದ ಗೆಳೆಯರಿಗೆ ದೊಡ್ಡ ಪ್ರಿಂಟ್ ಹಾಕಿಸಿಯೇ ತೋರಿಸಿದೆ.

ಮೊದಲು ದುಡ್ಡು ಹೋದ ಕಥೆ. ಒಂದು ಅಂಗಡಿಯಲ್ಲಿ 450 ಕೊಟ್ಟು ಕ್ಯಾಮೆರಾ ಮುಟ್ಟದೆ ಕ್ಲಿಕ್ಕಿಸುವ ರಿಮೋಟ್ ತಂದೆ, ಎರಡನೇ ವಾರಕ್ಕೆ ಕೆಟ್ಟಿತು, ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಮಲ್ಪೆಯಲ್ಲಿ ಮೂರು ರಾತ್ರಿ ಪೂರ್ತಿ ವೇಸ್ಟ್. ಬೈಕಿನ ಪೆಟ್ರೋಲ್ ಲೆಕ್ಕ ಬೇರೆ. ಗಾಳಿಯಿಂದ ಅಲುಗುತ್ತಿದೆ ಅಂದುಕೊಂಡು ಟ್ರೈಪಾಡಿಗೆ ನೀರಿನ ಬಾಟಲಿ ನೇತುಹಾಕಿದ್ದೆ. ಆದರೆ ತೊಂದರೆ ಗಾಳಿಯದ್ದಲ್ಲ. ಪ್ರತಿ ತೆರೆ ಬಂದು ಹೋದಾಗ ಕಾಲಿನಡಿಯ ಒದ್ದೆ ಮರಳು ಜಾರಿ ಟ್ರೈಪಾಡ್ ಕೂದಲೆಳೆಯಷ್ಟು ಕೂರುತ್ತಿತ್ತು, ಬಾಟಲಿಯ ಭಾರಕ್ಕೆ ಇನ್ನೂ ಜಾಸ್ತಿ. ಮನೆಯ ಹಿಂದಿನಿಂದ ಮೂರು ತೆಂಗಿನ ಗೆರಟೆ ತಂದು ಕವುಚಿ ಹಾಕಿ ಮರಳಿಗೆ ಒತ್ತಿದೆ, ಕಣ್ಣಿನ ಜಾಗದಲ್ಲಿ ಕಾಲು ಸಿಕ್ಕಿಸಿದೆ. ಅಲ್ಲಿಗೆ ಅದು ನಿಂತಿತು.

ರಿಮೋಟ್ ಬದಲಿಗೆ ರಬ್ಬರ್ ಬ್ಯಾಂಡ್. ಶಟರ್ ಗುಂಡಿಯ ಮೇಲೆ ಸಣ್ಣ ಇರೇಸರ್ ತುಂಡು ಇಟ್ಟು ಬಿಗಿದರೆ, ಗುಂಡಿ ಒತ್ತಿದಷ್ಟು ಹೊತ್ತು ಶಟರ್ ಮುಚ್ಚದ ಬಲ್ಬ್ ಮೋಡ್‌ನಲ್ಲಿ ಎಷ್ಟು ಹೊತ್ತಾದರೂ ತೆರೆದೇ ಇರುತ್ತದೆ. ಬಿಗಿಯುವಾಗ ಕ್ಯಾಮೆರಾ ಅಲುಗುತ್ತದೆ ಅಲ್ವಾ? ಅದಕ್ಕೇ ಕಪ್ಪು ರಟ್ಟು. ಮೊದಲು ರಟ್ಟನ್ನು ಲೆನ್ಸಿಗೆ ತಾಗದ ಹಾಗೆ ಮುಂದೆ ಹಿಡಿಯುವುದು, ಗುಂಡಿ ಒತ್ತಿ ಬ್ಯಾಂಡ್ ಹಾಕುವುದು, ಹತ್ತು ಎಣಿಸುವುದು, ಆಮೇಲೆ ರಟ್ಟು ತೆಗೆಯುವುದು. ಮುಗಿಸುವಾಗ ಮೊದಲು ರಟ್ಟು, ಆಮೇಲೆ ಬ್ಯಾಂಡ್.

ಹುಣ್ಣಿಮೆಯ ಆಸುಪಾಸು ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 100 (ಸೆನ್ಸರ್ ಬೆಳಕು ಹಿಡಿಯುವ ಸೂಕ್ಷ್ಮತೆ) ಇಟ್ಟಿದ್ದೆ. ನಾಲ್ಕು ನಿಮಿಷಕ್ಕೆ ದೀಪ ಸುಟ್ಟು ಬಿಳಿಯಾಗುತ್ತದೆ, ಆಕಾಶವೂ ತೀರಾ ಬೆಳಗುತ್ತದೆ. ಹಾಗಾಗಿ ಮುಕ್ಕಾಲು ಪಾಲು ಹೊತ್ತು ರಟ್ಟಿನಿಂದ ಫ್ರೇಮಿನ ಮೇಲರ್ಧ ಮುಚ್ಚಿ, ಗೆರೆ ಮೂಡದ ಹಾಗೆ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಲೇ ಇದ್ದೆ. ಕೈ ಸೋಲುತ್ತದೆ. ಮಧ್ಯೆ ಯಾರಾದರೂ ಟಾರ್ಚ್ ಹಾಕಿಕೊಂಡು ಬಂದರೆ ಪೂರ್ತಿ ಮುಚ್ಚಿ, ಅವರು ದಾಟಿದ ಮೇಲೆ ಮತ್ತೆ ತೆರೆದರಾಯಿತು. ರಟ್ಟು ಹೊಳೆಯಬಾರದು, ಅಂಗಡಿಯ ಚಾರ್ಟ್ ಪೇಪರ್ ಬೆಳಕನ್ನು ಲೆನ್ಸಿಗೇ ವಾಪಸ್ ಎಸೆಯುತ್ತದೆ. ನಾನು ಬಳಿದದ್ದು ಏನು ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಮ್ಮ ಕರಾವಳಿಯ ಇನ್ನೊಂದು ಕಾಟ ಲೆನ್ಸ್ ಮೇಲೆ ಕೂರುವ ಹಬೆ. ಒರೆಸಿದರೆ ಉಪ್ಪು ಹರಡಿ ಇನ್ನೂ ಹಾಳು. ಒಂದು ಹಿಡಿ ಕುಚ್ಚಲಕ್ಕಿಯನ್ನು ಕಾವಲಿಯಲ್ಲಿ ಬೆಚ್ಚಗೆ ಮಾಡಿ, ಹಳೆಯ ಕಾಲುಚೀಲಕ್ಕೆ ತುಂಬಿ ಲೆನ್ಸಿನ ಸುತ್ತ ಕಟ್ಟಿದೆ. ಸುಮಾರು ಮುಕ್ಕಾಲು ಗಂಟೆ ತಡೆಯಿತು. ಕೈಗೆ ಬಿಸಿ ತಾಗುವಷ್ಟು ಬೇಡ, ಫೋಕಸ್ ಸರಿಯುತ್ತದೆ. ಅದಕ್ಕೂ ಎರಡು ರಾತ್ರಿ ಹೋಗಿದೆ.

ಇದೇ ರಟ್ಟನ್ನು ಮರವಂತೆಯಲ್ಲೂ ಪ್ರಯೋಗ ಮಾಡಿದೆ. ಅಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಎದುರಿನಿಂದ ಬರುವ ಲಾರಿಗಳಿಗೆ ಮುಚ್ಚಿ, ದೂರ ಹೋಗುವವುಗಳಿಗೆ ಮಾತ್ರ ತೆರೆದೆ, ಬರೀ ಕೆಂಪು ಗೆರೆಗಳೇ ಬಂದವು. ಹೊಳೆಯಲ್ಲಿ ಆ ಗೆರೆಗಳ ನೆರಳೂ ಬೇಕಿತ್ತು, ಗಾಳಿ ಇದ್ದದ್ದರಿಂದ ಅದು ಸಿಗಲಿಲ್ಲ. ಮಳೆ ಮುಗಿದ ಮೇಲೆ ಗಾಳಿ ಬಿದ್ದ ರಾತ್ರಿ ನೋಡಿ ಮತ್ತೆ ಹೋಗುತ್ತೇನೆ, ಗೆರಟೆ ಬ್ಯಾಗಿನಲ್ಲೇ ಇವೆ.