ಬರಗಾಲದಲ್ಲಿ ಮನೆಗೂ ಕೊಟ್ಟಿಗೆಗೂ ನೀರು ಹಂಚುವ ಕೊಡದ ಲೆಕ್ಕ

2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ಕ್ಕೆ ಬರ ಬಂತು. ನಮ್ಮ ಚಳ್ಳಕೆರೆಯೂ ಅದರಲ್ಲಿತ್ತು. ಮುಂದಿನ ಬೇಸಿಗೆಗೆ ನಮ್ಮ ಬೋರ್ ಬತ್ತಿತು. ಟ್ಯಾಂಕರ್‌ನಿಂದ ಮನೆಗೆ ದಿನಕ್ಕೆ 10 ಕೊಡ. ಮನೆಯಲ್ಲಿ 5 ಜನ. ಕೊಟ್ಟಿಗೆಯಲ್ಲಿ ಕರೆಯುವ ಹಸು, ಅದರ ಬೆಳೆದ ಕರು, ಹಾಲು ಬತ್ತಿದ ಮುದಿ ಹಸು, 8 ಕುರಿ.

ಜನಕ್ಕಾ, ದನಕ್ಕಾ ಅಂತ ಶುರು ಮಾಡಿದರೆ ಜಗಳವೇ ಆಗುತ್ತದೆ. ಮೊದಲು ಬಾಯಾರಿಕೆಯ ಲೆಕ್ಕ ಬರೆಯಿರಿ, ಎಲ್ಲರದ್ದೂ. ನಮ್ಮದು ಹೀಗಿತ್ತು: ಜನರಿಗೆ ಕುಡಿಯಲು, ಅಡುಗೆಗೆ 40 ಲೀಟರ್. ಕರೆಯುವ ಹಸುವಿಗೆ 60, ಮುದಿ ಹಸುವಿಗೆ 40, ಕರುವಿಗೆ 20. ಕುರಿಗೆ ತಲಾ 5ರಂತೆ 40. ಒಟ್ಟು 200. ಕೊಡಕ್ಕೆ 15 ಲೀಟರ್ ಅಂದರೆ ಬರುತ್ತಿದ್ದದ್ದು 150.

ಮಕ್ಕಳ, ಬಸುರಿಯರ, ವಯಸ್ಸಾದವರ ಕುಡಿಯುವ ನೀರನ್ನು ಮೊದಲೇ ತೆಗೆದಿಡಿ. ಅದರಲ್ಲಿ ಚೌಕಾಸಿ ಬೇಡ. ಆಮೇಲೆ ಪ್ರಾಣಿಗಳ ಬಾಯಾರಿಕೆ. ಸ್ನಾನ, ಬಟ್ಟೆ ಅದರ ನಂತರ. ಇದಕ್ಕೆ ನಮ್ಮ ಮನೆಯಲ್ಲೇ ಬೇಜಾರಾಯಿತು. ಆದರೆ ಒಂದು ಕೊಡ ಸ್ನಾನದ ನೀರು ಮೂರು ಕುರಿಗಳ ಇಡೀ ದಿನದ ನೀರು, ಅಲ್ವಾ? ಕಟ್ಟಿಹಾಕಿದ ದನ ತಾನೇ ಹೋಗಿ ನೀರು ಹುಡುಕಲಾರದು. ಕಟ್ಟಿದವರು ನಾವೇ.

ಕಡಿಮೆ ಬಿದ್ದ 50 ಲೀಟರ್‌ಗೆ ಎಲ್ಲರ ಪಾಲಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸಬೇಡಿ. ಎಲ್ಲವೂ ಸೊರಗುತ್ತವೆ, ಹಾಲೂ ಇಳಿಯುತ್ತದೆ. ಪ್ರಾಣಿಗಳ ಸಂಖ್ಯೆಯನ್ನೇ ಕಡಿಮೆ ಮಾಡಿ, ಅದೂ ಬೇಗ. ನಾವು ಮೈಯಲ್ಲಿ ಮಾಂಸ ಇರುವಾಗಲೇ, ಫೆಬ್ರವರಿಯಲ್ಲಿ, 4 ಕುರಿ ಮಾರಿದೆವು. ಏಪ್ರಿಲ್‌ವರೆಗೆ ಕಾದವರಿಗೆ ಅರ್ಧ ಬೆಲೆಯೂ ಸಿಗಲಿಲ್ಲ, ಕುರಿಗಳೂ ನರಳಿದವು. ಅಕ್ಕಿ ತೊಳೆದ ನೀರು, ಗಂಜಿ, ಎಲ್ಲ ಕಲಗಚ್ಚಿಗೆ ಸೇರಲಿ. ನೀರು ಇಡುವುದು ಬೆಳಿಗ್ಗೆ, ಸಂಜೆ. ತೊಟ್ಟಿ ನೆರಳಲ್ಲಿರಲಿ.

ಮುದಿ ಹಸುವಿನ ವಿಷಯದಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಲೆಕ್ಕದ ಪ್ರಕಾರ ಅದರಿಂದ ಏನೂ ಬರುವುದಿಲ್ಲ. ಆದರೆ ಹನ್ನೊಂದು ವರ್ಷ ಅದರ ಹಾಲು ಕುಡಿದಿದ್ದೇವೆ. ಕೊನೆಗೆ ಹಿರಿಯೂರು ಕಡೆ ನೀರಿರುವ ಅಕ್ಕನ ಮನೆಗೆ ಬಿಟ್ಟೆವು. ನೀವೂ ಹೀಗೆ ಬಿಡುವುದಾದರೆ ಸುಮ್ನೆ ಹಸುವನ್ನಷ್ಟೇ ಕಳಿಸಬೇಡಿ. ಮೇವು ಯಾರದು, ಎಷ್ಟು ದಿನಕ್ಕೆ ಅಂತ ಮೊದಲೇ ಮಾತಾಡಿ. ನಾವು ಹಸುವಿನ ಜೊತೆಗೇ ಒಂದು ಗಾಡಿ ಶೇಂಗಾ ಹೊಟ್ಟು ಕಳಿಸಿದೆವು.