ಬಿಟ್‌ಕಾಯಿನ್ ಮೈನರ್‌ಗೆ ನೀರಿನ ಕೂಲಿಂಗ್: ಕಾಸರಗೋಡಿನ ಹವೆಗೆ ತಕ್ಕ ಜೋಡಣೆ

ಮಂಜೇಶ್ವರ, ಕುಂಬಳೆಯ ಕಡೆ ಗಾಳಿಯಿಂದ ತಂಪಾಗುವ ಮೈನರ್‌ಗೆ (ಬಿಟ್‌ಕಾಯಿನ್ ಗಳಿಸಲು ಎಡೆಬಿಡದೆ ಲೆಕ್ಕ ಮಾಡುವ ಕಂಪ್ಯೂಟರಿಗೆ) ಬಿಸಿಯಷ್ಟೇ ದೊಡ್ಡ ಶತ್ರು ತೇವ. ಫ್ಯಾನ್‌ಗಳು ಹಗಲೂ ರಾತ್ರಿ ಉಪ್ಪು ಹವೆ, ಧೂಳು, ಅಡಿಕೆ ಸುಲಿದ ನಾರಿನ ಪುಡಿ ಎಲ್ಲವನ್ನೂ ಬೋರ್ಡಿನ ಮೇಲೆ ಎಳೆದು ಸುರಿಯುತ್ತವೆ. ಆಟಿ ತಿಂಗಳು ದಾಟುವಷ್ಟರಲ್ಲಿ ಕನೆಕ್ಟರ್‌ಗಳ ಕಾಲು ಹಸಿರುಗಟ್ಟುತ್ತದೆ. ಬಿಸಿಯನ್ನು ನೀರು ಹೊತ್ತೊಯ್ಯುವಂತೆ ಮಾಡಿದರೆ ಪೆಟ್ಟಿಗೆಯನ್ನು ಮುಚ್ಚಿಡಬಹುದು, ಫ್ಯಾನ್‌ಗಳ ಅರಚಾಟವೂ ನಿಲ್ಲುತ್ತದೆ.

ಕೈ ಹಾಕುವ ಮೊದಲು ದುಡ್ಡಿನ ಲೆಕ್ಕ. 3,300 ವ್ಯಾಟ್‌ನ ಒಂದು ಮೈನರ್ ದಿನಕ್ಕೆ 79 ಯೂನಿಟ್, ತಿಂಗಳಿಗೆ ಸುಮಾರು 2,400 ಯೂನಿಟ್ ತಿನ್ನುತ್ತದೆ. 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿನ (ವಹಿವಾಟುಗಳ ಕಂತೆಯ) ಪ್ರತಿಫಲ 6.25ರಿಂದ 3.125 ಬಿಟ್‌ಕಾಯಿನ್‌ಗೆ ಇಳಿದಿದೆ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ. 30 ತೆರಿಗೆ; ಮೈನಿಂಗ್ ಯಂತ್ರದ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ತೋಟದ ಪಂಪಿನ ಕೃಷಿ ಕನೆಕ್ಷನ್‌ನಿಂದ ವಯರ್ ಎಳೆಯುವ ಯೋಚನೆ ಬೇಡ: 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರದಲ್ಲಿ ಬಿಲ್ ಬರುತ್ತದೆ. ಇಷ್ಟಾದ ಮೇಲೂ ಮಾಡುತ್ತೇವೆನ್ನುವವರಿಗೆ ಮುಂದಿನದ್ದು.

ನಿಮ್ಮ ಬೋರ್ಡ್ ಯಾವ ಜಾತಿಯದು?

ಪೆಟ್ಟಿಗೆ ಬಿಚ್ಚಿ ಹ್ಯಾಶ್‌ಬೋರ್ಡ್, ಅಂದರೆ ಲೆಕ್ಕ ಮಾಡುವ ಚಿಪ್‌ಗಳ ಹಲಗೆ ನೋಡಿ; ಒಂದು ಮೈನರ್‌ನಲ್ಲಿ ಇಂಥವು ಮೂರು. ಆಂಟ್‌ಮೈನರ್ ಎಸ್17, ಎಸ್19ರಲ್ಲಿ ಒಂದೊಂದು ಚಿಪ್‌ಗೂ ಒಂದೊಂದು ಪುಟ್ಟ ಹೀಟ್‌ಸಿಂಕ್ (ಬಿಸಿ ಚೆಲ್ಲುವ ಲೋಹದ ರೆಕ್ಕೆ) ಬೆಸುಗೆ ಹಾಕಿರುತ್ತದೆ. ವಾಟ್ಸ್‌ಮೈನರ್ ಎಂ30 ಸಾಲಿನಂಥವುಗಳಲ್ಲಿ ಇಡೀ ಬೋರ್ಡನ್ನು ಆವರಿಸುವ ದೊಡ್ಡ ಹೀಟ್‌ಸಿಂಕ್ ಸ್ಕ್ರೂನಲ್ಲಿ ಕೂತಿರುತ್ತದೆ. ಎರಡನೆಯದನ್ನು ತೆಗೆದು ಅದೇ ಜಾಗಕ್ಕೆ ನೀರಿನ ಪ್ಲೇಟ್ ಕೂರಿಸುವುದು ಸಾಧ್ಯ. ಮೊದಲನೆಯದರಲ್ಲಿ ಬೆಸುಗೆ ಬಿಡಿಸಲು ಹೋದರೆ ಎಸ್19ರ ಎಪ್ಪತ್ತಾರು ಚಿಪ್‌ಗಳಲ್ಲಿ ಒಂದಾದರೂ ಕಿತ್ತು ಬರುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಎಸ್19ರ ಚಿಪ್‌ಗಳು ಟಾರ್ಚಿನ ಸೆಲ್‌ಗಳಂತೆ ಸಾಲಾಗಿ ಜೋಡಣೆಯಾಗಿವೆ: ಎರಡೆರಡು ಚಿಪ್‌ಗಳ 38 ಗುಂಪು, ಪ್ರತಿ ಗುಂಪಿನ ವೋಲ್ಟೇಜ್ ಬೇರೆ. ಹೀಟ್‌ಸಿಂಕ್‌ಗಳಲ್ಲೂ ಆ ವೋಲ್ಟೇಜೇ ಇರಬಹುದು. ಎರಡು ಗುಂಪಿನ ಹೀಟ್‌ಸಿಂಕ್‌ಗಳನ್ನು ಬರೀ ಲೋಹ ಮುಟ್ಟಿದರೆ ಶಾರ್ಟ್. ಎಸ್17ರಲ್ಲಿ ಸಡಿಲವಾಗಿ ಬಿದ್ದ ಒಂದು ಹೀಟ್‌ಸಿಂಕ್ ಬೋರ್ಡನ್ನೇ ಸುಡುತ್ತಿದ್ದುದು ಹೀಗೆಯೇ. ನಡುವೆ ಥರ್ಮಲ್ ಪ್ಯಾಡ್ (ಬಿಸಿ ದಾಟಿಸಿ ಕರೆಂಟ್ ತಡೆಯುವ ಮೆತ್ತೆ) ಇಡಬಹುದಲ್ಲ ಎಂದರೆ, ಲೆಕ್ಕ ಮಾಡಿ ನೋಡಿ. ಚಿಪ್‌ಗೆ 13 ವ್ಯಾಟ್, ಅರ್ಧ ಚದರ ಸೆಂಟಿಮೀಟರ್ ಮೇಲ್ಮೈ, ಉಷ್ಣವಾಹಕತೆ 6 ಎಂದು ಬರೆದಿರುವ ಪ್ಯಾಡ್. ದಪ್ಪ ಅರ್ಧ ಮಿಲಿಮೀಟರ್ ಆದರೆ ಪ್ಯಾಡ್ ಒಂದರಲ್ಲೇ 22 ಡಿಗ್ರಿ ಏರುತ್ತದೆ. ಒಂದು ಮಿಲಿಮೀಟರ್ ಆದರೆ 43. ನೀರು 40 ಡಿಗ್ರಿ ಇದ್ದರೆ ಚಿಪ್ 83 ದಾಟಿತು, ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ.

ಹಾಗಾಗಿ ಎಸ್19 ಇರುವವರು ಬೋರ್ಡನ್ನು ಮುಟ್ಟದೆ, ಇಡೀ ಮೈನರನ್ನು ಗಾಳಿಯಾಡದ ಕಪಾಟಿನಲ್ಲಿಟ್ಟು, ಅದರ ಬಿಸಿಗಾಳಿ ಹೊರಬರುವ ಬಾಯಿಗೆ ಸಣ್ಣ ಕಾರಿನ ರೇಡಿಯೇಟರ್ ಕಟ್ಟಲಿ. ಅದೇ ಗಾಳಿ ರೇಡಿಯೇಟರ್ ದಾಟಿ, ತಣಿದು, ಹಿಂದಿನಿಂದ ಮತ್ತೆ ಒಳಗೆ ಹೋಗುತ್ತದೆ. ರೇಡಿಯೇಟರ್‌ನ ಅಂಚುಗಳಲ್ಲಿ ಗಾಳಿ ನುಸುಳದಂತೆ ಫೋಮ್ ಒತ್ತಿದರೆ ಸಾಕು, ಫ್ಯಾನ್ ತೆಗೆಯುವ ರಗಳೆ ಇಲ್ಲ. ನೀರು, ಪಂಪು, ರಕ್ಷಣೆಯ ಬಗ್ಗೆ ಕೆಳಗೆ ಹೇಳುವುದೆಲ್ಲ ಅದಕ್ಕೂ ಅನ್ವಯ. ಪ್ಲೇಟಿನ ಭಾಗ ದೊಡ್ಡ ಹೀಟ್‌ಸಿಂಕ್‌ನ ಬೋರ್ಡುಗಳಿಗೆ ಮಾತ್ರ.

ಪ್ಲೇಟು

ಹಳೆಯ ಹೀಟ್‌ಸಿಂಕನ್ನೇ ಅಚ್ಚಾಗಿ ಕೊಟ್ಟು ಸಿಎನ್‌ಸಿ ಮಿಲ್ಲಿಂಗ್ ಇರುವ ವರ್ಕ್‌ಶಾಪಿನಲ್ಲಿ ಮಾಡಿಸಿ; ಮಂಗಳೂರಿನ ಬೈಕಂಪಾಡಿಗೆ ಹೋಗಿ ಬಂದರೆ ಮೂರೂ ಬೋರ್ಡಿನ ಪ್ಲೇಟುಗಳು ಒಂದೇ ಸಲ ಆಗುತ್ತವೆ. ಅಲ್ಯೂಮಿನಿಯಂ 6061, ದಪ್ಪ 12 ಮಿಮೀ, ಉದ್ದಕ್ಕೆ 7 ಅಥವಾ 8 ಮಿಮೀ ತೂತುಗಳು, ತುದಿಗಳಲ್ಲಿ ಅಡ್ಡ ತೂತು ಕೊರೆದು ಹಾವಿನಂತೆ ಸುತ್ತುವ ದಾರಿ. ಬೋರ್ಡಿಗೆ ತಾಗುವ ಮುಖದಲ್ಲಿ 0.1 ಮಿಮೀಗಿಂತ ಹೆಚ್ಚು ಏರುತಗ್ಗು ಇರಬಾರದು. ಹಳೆಯ ಹೀಟ್‌ಸಿಂಕ್‌ನಲ್ಲಿ ಕಾಂಪೊನೆಂಟ್‌ಗಳಿಗಾಗಿ ಬಿಟ್ಟ ತಗ್ಗುಗಳು ಹೊಸದರಲ್ಲೂ ಅಷ್ಟೇ ಆಳ ಇರಬೇಕು. ಇದನ್ನು ಮರೆತರೆ ಸ್ಕ್ರೂ ಬಿಗಿಯುವಾಗ ಕೆಪಾಸಿಟರ್ ಒಡೆಯುವ ಚಟ್ ಶಬ್ದ ಕೇಳುತ್ತದೆ.

ಪ್ಲೇಟ್ ಬಂದ ದಿನವೇ ಪಂಕ್ಚರ್ ಅಂಗಡಿಯ ಪರೀಕ್ಷೆ: ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಲ್ಲಿ 1 ಬಾರ್ ಗಾಳಿ ತುಂಬಿ, ಬಕೆಟಿನ ನೀರಲ್ಲಿ ಹತ್ತು ನಿಮಿಷ ಮುಳುಗಿಸಿ. ಒಂದು ಗುಳ್ಳೆ ಬಂದರೂ ವಾಪಸ್.

ಎಷ್ಟು ನೀರು, ಯಾವ ನೀರು

ಗೋಡೆಯ ಪ್ಲಗ್ಗಿನಿಂದ 3,300 ವ್ಯಾಟ್ ಎಳೆದರೆ ಸುಮಾರು 200 ಪವರ್ ಸಪ್ಲೈಯಲ್ಲೇ ಬಿಸಿಯಾಗಿ ಹೋಗುತ್ತದೆ. ಉಳಿದದ್ದು ಬೋರ್ಡಿಗೆ ತಲಾ ಸಾವಿರ. ನಿಮಿಷಕ್ಕೆ 4.5 ಲೀಟರ್ ಹರಿದರೆ ನೀರು 10 ಡಿಗ್ರಿ ಏರುತ್ತದೆ, 9 ಲೀಟರ್ ಹರಿದರೆ 5 ಡಿಗ್ರಿ. ಗುರಿ 9 ಇರಲಿ. ಪ್ಲೇಟುಗಳನ್ನು ಒಂದರ ಹಿಂದೆ ಒಂದು ಜೋಡಿಸಬೇಡಿ. ಕೊನೆಯ ಬೋರ್ಡಿಗೆ ಬಿಸಿನೀರು ಸಿಗುತ್ತದೆ, ಪಂಪಿಗೂ ಏದುಸಿರು. ಮ್ಯಾನಿಫೋಲ್ಡ್‌ನಿಂದ (ಒಂದು ಪೈಪನ್ನು ಹಲವಾಗಿ ಕವಲೊಡೆಸುವ ತುಂಡು) ಮೂರಕ್ಕೂ ಸಮಾನ ಉದ್ದದ ಹೋಸ್ ಹೋಗಲಿ. 6 ಮೀಟರ್ ಹೆಡ್‌ನ (ಅಷ್ಟು ಎತ್ತರಕ್ಕೆ ನೀರು ತಳ್ಳಬಲ್ಲ) ಸರ್ಕ್ಯುಲೇಷನ್ ಪಂಪ್ ಧಾರಾಳ. ಒಡಲು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಪ್ಲಾಸ್ಟಿಕ್ ಆಗಿರಲಿ, ಪಂಪ್ ಯಾವಾಗಲೂ ಅದಕ್ಕೆ ನೀರುಣಿಸುವ 5 ಲೀಟರ್ ಟಾಂಕಿಗಿಂತ ಕೆಳಗಿರಲಿ.

ಮನೆಯ ಹಿಂದೆ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ಇರುವವರಿಗೆ ಮೊದಲು ಹೊಳೆಯುವುದು ಆ ನೀರನ್ನೇ ನೇರ ಪ್ಲೇಟಿಗೆ ಬಿಡುವುದು. ಹಾಗೆ ಮಾಡಬಾರದು, ಕಾರಣ ಎರಡು. ಮುರಕಲ್ಲಿನಿಂದ ಒಸರುವ ನೀರು ಸ್ವಲ್ಪ ಹುಳಿ, ಜೊತೆಗೆ ಕಬ್ಬಿಣದ ಅಂಶ. ಅಲ್ಯೂಮಿನಿಯಂ ಕೊರೆಯುತ್ತದೆ, 7 ಮಿಮೀ ದಾರಿಯಲ್ಲಿ ಕೆಂಪು ಗಸಿ ಕೂರುತ್ತದೆ. ಎರಡನೆಯ ಕಾರಣವೇ ಮುಖ್ಯ: ಆ ನೀರು ವಿಪರೀತ ತಂಪು. ಮೇ ತಿಂಗಳಲ್ಲಿ ಹವೆ 32 ಡಿಗ್ರಿ, ತೇವ ಶೇ. 75 ಇರುವ ಹೊತ್ತಿಗೆ 27 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹವೂ ಬೆವರುತ್ತದೆ, ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹಾಗೆ. 25 ಡಿಗ್ರಿಯ ಸುರಂಗದ ನೀರು ಹರಿಯುವ ಪ್ಲೇಟ್ ಬೋರ್ಡಿನ ಮೇಲೆಯೇ ಹನಿಗಟ್ಟಿಸುತ್ತದೆ. ಎಲ್ಲೂ ಲೀಕ್ ಇಲ್ಲ, ಆದರೂ ಬೋರ್ಡ್ ಒದ್ದೆ ಎಂದು ತಲೆ ಕೆಡಿಸಿಕೊಳ್ಳುವುದು ಇದರಿಂದಲೇ.

ಆದ್ದರಿಂದ ಎರಡು ಸುತ್ತು ಇರಲಿ. ಒಳಸುತ್ತಿನಲ್ಲಿ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ 6 ಲೀಟರ್, ಅಲ್ಯೂಮಿನಿಯಂಗೆ ಆಗುವ ಕೂಲಂಟ್ ಕಾನ್ಸಂಟ್ರೇಟ್ 2 ಲೀಟರ್. ಸುರಂಗದ ನೀರನ್ನೇ ಕುಡಿಯುವ ಮನೆಯಾದರೆ ವಿಷ ಕಡಿಮೆ ಇರುವ ಪ್ರೊಪಿಲೀನ್ ಗ್ಲೈಕಾಲ್‌ನದ್ದನ್ನೇ ಕೇಳಿ ತನ್ನಿ. ಉಳಿಸಲೆಂದು ಅರ್ಧ ಲೀಟರ್ ಹಾಕಿದರೆ ಗ್ಲೈಕಾಲ್ ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆಯೇ ಹೊರತು ತಡೆಯಾಗುವುದಿಲ್ಲ. ಹೊರಸುತ್ತಿನಲ್ಲಿ ಸುರಂಗದ ಅಥವಾ ಬಾವಿಯ ನೀರು. ಎರಡರ ನಡುವೆ ಅರ್ಧ ಚದರ ಮೀಟರ್‌ನ, ಗ್ಯಾಸ್ಕೆಟ್ ಇರುವ ಸ್ಟೀಲ್ ಪ್ಲೇಟ್ ಎಕ್ಸ್‌ಚೇಂಜರ್ (ನೀರು ಬೆರೆಯದೆ ಬಿಸಿ ಮಾತ್ರ ದಾಟಿಸುವ ಪೆಟ್ಟಿಗೆ). ಅಗ್ಗಕ್ಕೆ ಸಿಗುವ ಬ್ರೇಜ್ಡ್ ಮಾದರಿಯ ಬೆಸುಗೆ ತಾಮ್ರದ್ದು, ಅಲ್ಯೂಮಿನಿಯಂ ಪ್ಲೇಟಿನ ಜೊತೆ ಒಂದೇ ನೀರಲ್ಲಿ ಇಟ್ಟರೆ ಅಲ್ಯೂಮಿನಿಯಂ ಸವೆಯುತ್ತದೆ; ಮೇಲಾಗಿ ಬಿಚ್ಚಿ ಕೆಂಪು ಗಸಿ ಉಜ್ಜಲು ಬರುವುದಿಲ್ಲ. ಹಿತ್ತಾಳೆ ಫಿಟ್ಟಿಂಗ್ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಒಳಸುತ್ತಿನ ನೀರು ಪ್ಲೇಟಿಗೆ 35ರಿಂದ 40 ಡಿಗ್ರಿಯಲ್ಲಿ ಹೋಗುವಂತೆ ಹೊರಸುತ್ತಿನ ವಾಲ್ವ್ ತಿರುಗಿಸಿ. ಬಿಸಿ ಎನಿಸುತ್ತದೆ, ಆದರೆ ಚಿಪ್ 75ರ ಒಳಗಿದ್ದರೆ ಸಾಕು.

ಹೋಸ್ ಕಪ್ಪು ಇಪಿಡಿಎಂ ರಬ್ಬರಿನದ್ದು, ಒಳವ್ಯಾಸ 12 ಮಿಮೀ. ಪಾರದರ್ಶಕ ಪಿವಿಸಿ ನೋಡಲು ಚಂದ, ಬೆಳಕು ಬಿದ್ದು ಪಾಚಿ ಕಟ್ಟುತ್ತದೆ, ಬಿಸಿಗೆ ಮೆತ್ತಗಾಗಿ ಕ್ಲಾಂಪಿನಿಂದ ಜಾರುತ್ತದೆ. ಕಾಲಿಂಚಿನ ಫಿಟ್ಟಿಂಗ್‌ಗೆ ಓ-ರಿಂಗ್ ಹಾಕಿ. ಟೆಫ್ಲಾನ್ ಟೇಪಿನ ಚೂರುಗಳು ಪ್ಲೇಟಿನ ದಾರಿಗೆ ಅಡ್ಡ ಬೀಳುತ್ತವೆ. ಪಂಪಿನ ಮುಂದೆ ಕಸ ಹಿಡಿಯುವ ಒಂದು ವೈ-ಸ್ಟ್ರೈನರ್. ಹೆಗ್ಗಣ ಇರುವ ಹಟ್ಟಿ, ಕೊಟ್ಟಿಗೆಗಳಲ್ಲಿ ಹೋಸನ್ನು ಜಿಐ ಪೈಪಿನೊಳಗೆ ಹಾಯಿಸಿ.

ಕೂರಿಸುವ ಕ್ರಮ

ಬಿಚ್ಚುವ ಮೊದಲು ಗಾಳಿಯಲ್ಲೇ 24 ಗಂಟೆ ಓಡಿಸಿ ಪ್ರತಿ ಬೋರ್ಡಿನ ಹ್ಯಾಶ್‌ರೇಟ್ (ಲೆಕ್ಕ ಮಾಡುವ ವೇಗ), ಚಿಪ್ ತಾಪ, ಎರರ್ ಬರೆದಿಡಿ. ಇದಿಲ್ಲದಿದ್ದರೆ ಆಮೇಲೆ ಬಂದ ತೊಂದರೆ ಹಳೆಯದೋ ಹೊಸದೋ ತಿಳಿಯದು. ಕರೆಂಟ್ ತೆಗೆದು ಹತ್ತು ನಿಮಿಷ ಕಾಯಿರಿ. ಚಿಪ್‌ಗಳ ಮೇಲಿನ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸದನ್ನು ಹಳೆಯ ಎಟಿಎಂ ಕಾರ್ಡಿನಿಂದ ಕಾಗದದಷ್ಟು ತೆಳ್ಳಗೆ ಸವರಿ. ಪೇಸ್ಟ್ ವಿದ್ಯುತ್ ಹರಿಸದ ಜಾತಿಯದೇ ಆಗಬೇಕು. ಲಿಕ್ವಿಡ್ ಮೆಟಲ್ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಪ್ಲೇಟ್ ಕೂರಿಸಿ ನಡುವಿನ ಸ್ಕ್ರೂನಿಂದ ಆರಂಭಿಸಿ, ಮೂಲೆಯಿಂದ ಎದುರು ಮೂಲೆಗೆ, ಮೂರು ಸುತ್ತಿನಲ್ಲಿ ಬಿಗಿಯಿರಿ. ಒಂದೇ ಸಲ ಬಿಗಿದರೆ ಬೋರ್ಡ್ ಬಾಗಿ ಚಿಪ್‌ನ ಬೆಸುಗೆ ಸೀಳುತ್ತದೆ. ಒಮ್ಮೆ ಬಿಚ್ಚಿ ಪೇಸ್ಟಿನ ಅಚ್ಚು ನೋಡಿ: ಎಲ್ಲ ಚಿಪ್‌ಗಳ ಗುರುತೂ ಒಂದೇ ಸಮ ಬಿದ್ದಿರಬೇಕು.

ನೀರಿನ ಬಾಯಿಗಳು ಪೆಟ್ಟಿಗೆಯ ಹೊರಗೆ, ಕರೆಂಟಿನ ಕನೆಕ್ಟರ್‌ಗಿಂತ ಕೆಳಗೆ. ನೀರು ಕೆಳಗಿಂದ ಹೊಕ್ಕು ಮೇಲಿಂದ ಹೊರಬಂದರೆ ಗಾಳಿ ತಾನಾಗಿ ಹೋಗುತ್ತದೆ. ಪವರ್ ಸಪ್ಲೈಯ ಫ್ಯಾನನ್ನು ತೆಗೆಯಬೇಡಿ, ಆ 200 ವ್ಯಾಟ್ ಗಾಳಿಗೇ ಹೋಗಬೇಕು. ಬೋರ್ಡಿನ ಪಕ್ಕದ ಸಣ್ಣ ರೆಗ್ಯುಲೇಟರ್‌ಗಳಿಗೂ ಪ್ಲೇಟ್ ತಾಗುವುದಿಲ್ಲ, ಹಾಗಾಗಿ ಒಳಗೆ ನಿಧಾನ ತಿರುಗುವ 120 ಮಿಮೀ ಫ್ಯಾನ್ ಒಂದು ಇರಲಿ.

ಫ್ಯಾನ್ ಕಿತ್ತರೆ ಕಂಟ್ರೋಲ್ ಬೋರ್ಡ್ ಎರರ್ ತೋರಿಸಿ ನಿಲ್ಲುತ್ತದೆ. ಫ್ಯಾನ್ ತಿರುಗುತ್ತಿದೆ ಎಂದು ನಂಬಿಸುವ ಸಿಮ್ಯುಲೇಟರ್ ಪ್ಲಗ್ ಹಾಕಬಹುದು. ಆದರೆ ಫರ್ಮ್‌ವೇರ್‌ನಲ್ಲಿ (ಮೈನರ್ ಓಡಿಸುವ ಒಳಗಿನ ಸಾಫ್ಟ್‌ವೇರ್) ತಾಪದ ಕಟ್ಆಫ್ ಆರಿಸಬೇಡಿ.

ಕರೆಂಟಿನ ಕಾವಲು

230 ವೋಲ್ಟ್‌ನಲ್ಲಿ 14 ಆಂಪಿಯರ್, ಸಂಜೆ ವೋಲ್ಟೇಜ್ 200ಕ್ಕೆ ಇಳಿದರೆ 16.5. ಆದ್ದರಿಂದ 4 ಚದರ ಮಿಮೀ ತಾಮ್ರದ ವಯರ್, 20 ಆಂಪಿಯರ್ ಎಂಸಿಬಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಸರಿಯಾದ ಅರ್ತಿಂಗ್. ಏಪ್ರಿಲ್, ಮೇ ತಿಂಗಳ ಮತ್ತು ತುಲಾಮಳೆಯ (ಅಕ್ಟೋಬರ್, ನವೆಂಬರ್) ಸಿಡಿಲಿಗೆ ಸರ್ಜ್ ಅರೆಸ್ಟರ್.

ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಹರಿವು ನಿಂತದ್ದನ್ನು ಗುರುತಿಸುವ ಫ್ಲೋ ಸ್ವಿಚ್. ಒಂದು ಕಿಲೋ ಅಲ್ಯೂಮಿನಿಯಂ ಪ್ಲೇಟಿನಲ್ಲಿ ನೀರು ನಿಂತರೆ ಸಾವಿರ ವ್ಯಾಟ್ ಬಿಸಿಗೆ ಅದು ಸೆಕೆಂಡಿಗೆ ಸುಮಾರು ಒಂದು ಡಿಗ್ರಿ ಏರುತ್ತದೆ. ಅರ್ಧ ನಿಮಿಷದಲ್ಲಿ ಕತೆ ಮುಗಿಯಿತು. ಫರ್ಮ್‌ವೇರ್ ಎಚ್ಚೆತ್ತುಕೊಳ್ಳುತ್ತದೆಂದು ಕಾಯಬಾರದು. ಫ್ಲೋ ಸ್ವಿಚ್ ನೇರವಾಗಿ ಕಾಂಟ್ಯಾಕ್ಟರ್ ಬೀಳಿಸಿ ಮೈನರ್‌ನ ಕರೆಂಟ್ ಕಡಿಯಬೇಕು. ಕರೆಂಟ್ ಹೋಗಿ ಬಂದಾಗ ಪಂಪ್ ಮೊದಲು, 60 ಸೆಕೆಂಡ್ ಬಿಟ್ಟು ಮೈನರ್ ಆನ್ ಆಗುವಂತೆ ಟೈಮರ್ ರಿಲೇ ಹಾಕಿ.

ಮೊದಲ ಓಟ

ಮೈನರ್ ಆಫ್ ಇರಲಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ ಒಂದು ಗಂಟೆ ತಿರುಗಿಸಿ ಚೆಲ್ಲಿ. ಕೊರೆದ ಚೂರು ಸ್ಟ್ರೈನರ್‌ನಲ್ಲಿ ಸಿಗುತ್ತದೆ. ಆಮೇಲೆ ಕೂಲಂಟ್ ತುಂಬಿ, ಪ್ರತಿ ಕೀಲಿನ ಕೆಳಗೆ ಟಿಶ್ಯೂ ಕಾಗದ ಇಟ್ಟು 24 ಗಂಟೆ ಬಿಡಿ. ಕಾಗದ ಒಣಗಿದ್ದರೆ ಒಂದೇ ಬೋರ್ಡ್ ಜೋಡಿಸಿ ಕಡಿಮೆ ಪವರ್‌ನಲ್ಲಿ ಆರಂಭಿಸಿ, ಆಮೇಲೆ ಒಂದೊಂದಾಗಿ ಉಳಿದವು.

ತೊಂದರೆ ಬಂದರೆ ಕೈಯಲ್ಲೇ ಪತ್ತೆ ಮಾಡಬಹುದು. ಚಿಪ್ ಬಿಸಿ, ಆದರೆ ಆ ಪ್ಲೇಟಿನಿಂದ ಹೊರಬರುವ ಹೋಸ್ ಉಳಿದವುಗಳಷ್ಟೇ ಬೆಚ್ಚಗಿದ್ದರೆ ಪೇಸ್ಟ್ ಅಥವಾ ಸ್ಕ್ರೂ ಸರಿಯಿಲ್ಲ. ಚಿಪ್ಪೂ ಬಿಸಿ, ಹೋಸೂ ಉಳಿದೆರಡಕ್ಕಿಂತ ಬಿಸಿ ಎಂದರೆ ಆ ಪ್ಲೇಟಿನಲ್ಲಿ ಗಾಳಿ ಅಥವಾ ಕಸ. ಮೂರೂ ದಿನದಿಂದ ದಿನಕ್ಕೆ ಏರುತ್ತಿದ್ದರೆ ಎಕ್ಸ್‌ಚೇಂಜರ್‌ನ ಹೊರಸುತ್ತು ಕೆಂಪು ಗಸಿಯಿಂದ ಕಟ್ಟಿಕೊಂಡಿದೆ.

ತೋಟ ಮತ್ತು ಮಳೆಗಾಲ

ಹೊರಸುತ್ತಿಗೆ ನಿಮಿಷಕ್ಕೆ 5 ಲೀಟರ್ ಎಂದರೆ ದಿನಕ್ಕೆ 7,200 ಲೀಟರ್, ಮರಕ್ಕೆ 20 ಲೀಟರ್‌ನಂತೆ 360 ಅಡಿಕೆ ಮರಗಳ ಹನಿ ನೀರಾವರಿ. ನೀರಾವರಿಯ ತಿಂಗಳುಗಳಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಆ ನೀರನ್ನು ಅಡುಗೆಮನೆಗೆ ಮಾತ್ರ ತರಬೇಡಿ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ, 2,000 ಲೀಟರ್ ಟಾಂಕಿಗೆ ತಿರುಗಿಸುತ್ತೇನೆಂದರೆ ಅದು ಗಂಟೆಗೆ ಸುಮಾರು 1.3 ಡಿಗ್ರಿ ಏರಿ ಮರುದಿನ ಬೆಳಗ್ಗೆ ಸ್ನಾನದ ನೀರಾಗಿರುತ್ತದೆ. ಆಗ ಒಳಸುತ್ತಿಗೆ ಅಲ್ಯೂಮಿನಿಯಂ ಕಾರ್ ರೇಡಿಯೇಟರ್, ಫ್ಯಾನ್ ಸೇರಿಸಿ. ಮಳೆಗಾಲದ ಹವೆ ತಂಪಾಗಿಯೇ ಇರುವುದರಿಂದ ಸಾಕಾಗುತ್ತದೆ. ಆ ರೇಡಿಯೇಟರಿನ ಬೆಚ್ಚನೆ ಗಾಳಿಯನ್ನು ಅಟ್ಟಕ್ಕೆ ಬಿಟ್ಟರೆ ಚಾಲಿ ಅಡಿಕೆಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಹಸಿ ಕೊಬ್ಬರಿ ಒಣಗಿಸುವಷ್ಟು ಬಿಸಿ ಮಾತ್ರ ಅದರಲ್ಲಿಲ್ಲ.

ಕೂಲಂಟ್ ವರ್ಷಕ್ಕೊಮ್ಮೆ ಬದಲಿಸಿ. ತೆಗೆದದ್ದನ್ನು ಅಂಗಳಕ್ಕೋ ಮದಕಕ್ಕೋ ಚೆಲ್ಲಬೇಡಿ: ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿಯೂ ದನವೂ ನೆಕ್ಕುತ್ತವೆ, ನಾಯಿ ಸಾಯಲು ಸ್ವಲ್ಪವೇ ಸಾಕು. ಕ್ಯಾನಿನಲ್ಲಿ ತುಂಬಿ, ಹಳೆಯ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟುಬಿಡಿ.